ಮಿಲ್ಟ್ರಿಯಣ್ಣನ ವೀಳ್ಯ

ಹಿತ್ತಾಳೆಗೆ ಹುಣಸೆಹುಳಿ ಹಚ್ಚಿ ಉಜ್ಜಿದರೆ ಒಂದು ವಾಸನೆ ಬರುತ್ತದೆ. ಅರ್ಧ ಅಡುಗೆಮನೆಯದು, ಅರ್ಧ ದೇವರಮನೆಯದು. ಹುಣಸೂರಿನಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟು ಮುಕ್ಕಾಲು ಆಯಸ್ಸು ಕಳೆದ ನನಗೆ ಆ ವಾಸನೆ ಹೊಸದೇನಲ್ಲ. ಆದರೂ ಹೋದ ವಾರ ಬೆಟ್ಟದಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಅದು ಮೂಗಿಗೆ ಬಡಿದಾಗ ನಾನು ಅಲ್ಲೇ ಇದ್ದ ಮುರುಕು ಬೆಂಚಿನ ಮೇಲೆ ಕೂತುಬಿಟ್ಟೆ.

ಆ ಶಾಲೆಯ ಹೆಡ್ ಮಿಸ್ ನನ್ನನ್ನು ಕರೆಸಿದ್ದರು. ಸ್ಟೋರ್ ರೂಮಿನ ಕೆಲಸಕ್ಕೆ ಬಾರದ ಸಾಮಾನನ್ನೆಲ್ಲ ಹರಾಜು ಹಾಕಬೇಕು, ಬಂದು ನೋಡಿ ಎಂದಿದ್ದರು. ಕಾಲು ಮುರಿದ ಕುರ್ಚಿ, ಚರ್ಮ ಹರಿದ ಡ್ರಮ್ಮು, ತುಕ್ಕು ಹಿಡಿದ ಬೀರು. ಮೂಲೆಯಲ್ಲಿ ಒಂದು ಖಾಕಿ ಬಟ್ಟೆಯ ಚೀಲ. ಬಿಚ್ಚಿದೆ, ಒಳಗೆ ಟ್ರಂಪೆಟ್ಟು, ನಮ್ಮ ಕಡೆಯವರ ಬಾಯಲ್ಲಿ ತುತ್ತೂರಿ. ಬಟ್ಟೆಗೆ ಅಂಟಿದ್ದ ಹುಳಿಯ ವಾಸನೆ ಇಷ್ಟು ವರ್ಷವಾದರೂ ಹೋಗಿರಲಿಲ್ಲ. ಬೆರಳಿಟ್ಟು ಒತ್ತುವ ಮೂರು ಗುಂಡಿಗಳಲ್ಲಿ ನಡುವಿನದು ಅದರದಲ್ಲ, ಮಿಲಿಟರಿ ಕೋಟಿನಿಂದ ಕಿತ್ತು ಕೂರಿಸಿದ ಹಿತ್ತಾಳೆ ಗುಂಡಿ. ಆ ಕೋಟು ಯಾರದೆಂದು ನನಗೆ ಗೊತ್ತಿತ್ತು...

ಅವರನ್ನು ಊರೆಲ್ಲ ಮಿಲ್ಟ್ರಿ ಎಂದೇ ಕರೆಯುತ್ತಿತ್ತು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರಾದ್ದರಿಂದ ನನಗೆ ಮಿಲ್ಟ್ರಿಯಣ್ಣ. ಬೆಟ್ಟದಪುರದ ಹತ್ತಿರದ ಹಳ್ಳಿಯವರು, ಒಕ್ಕಲು ಮನೆತನ. ಸೇನೆಯಿಂದ ನಿವೃತ್ತರಾಗಿ ಬಂದು ಹೊಗೆಸೊಪ್ಪು ಬೆಳೆಯುತ್ತಿದ್ದರು. ಆಗಸ್ಟ್ ಹದಿನೈದು ಬಂತೆಂದರೆ ಪಂಚಾಯಿತಿಯವರು ಅವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಗಡಿಯಲ್ಲಿ ಬಂದೂಕು ಹಿಡಿದು ನಿಂತ ನಮ್ಮೂರ ಹುಲಿ ಎಂದು ಭಾಷಣ ಮಾಡಿ ಹಾರ ಹಾಕುತ್ತಿದ್ದರು. ಹಾರ ಬೀಳುವಾಗ ಅವರು ನೆಲ ನೋಡುತ್ತಿದ್ದರು. ನಾಚಿಕೆಯ ಮನುಷ್ಯ ಎಂದುಕೊಂಡಿದ್ದೆ.

ಹುಣಸೂರಿಗೆ ಬಂದಾಗಲೆಲ್ಲ ನನ್ನ ಅಂಗಡಿಗೆ ಬರುತ್ತಿದ್ದರು. ನಾನೋ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಊರೂರಿನ ಒಡಕು ಪಾತ್ರೆ ಕೊಂಡು ಮೇಲೆ ಬಂದವನು. ಬಂದವರ ಬಾಯಿಗಿಂತ ಅವರ ಕೈ ನೋಡಿ ವ್ಯಾಪಾರ ಮಾಡುವುದನ್ನು ಕಲಿತವನು. ಒಂದು ದಿನ ಮೈಸೂರಿನ ಯಾವುದೋ ಮದುವೆ ಬ್ಯಾಂಡಿನವರ ಹಳೇ ತುತ್ತೂರಿ ಗುಜರಿಯ ಜೊತೆ ಬಂದಿತ್ತು. ಅವರು ಅದನ್ನು ಎತ್ತಿಕೊಂಡರು. ಬಾಯಿ ಇಡುವ ಜಾಗವನ್ನು ಪಂಚೆಯ ತುದಿಯಿಂದ ಒರೆಸಿ, ಬಲಗೈಯ ಮೂರು ಬೆರಳು ಗುಂಡಿಗಳ ಮೇಲಿಟ್ಟು, ಸಿಕ್ಕಿಹಾಕಿಕೊಂಡಿದ್ದ ಒಂದನ್ನು ಎರಡೇ ನಿಮಿಷದಲ್ಲಿ ಬಿಡಿಸಿದರು. ಊದಲಿಲ್ಲ, ಕೆಳಗಿಟ್ಟರು.

ಅಣ್ಣಾ, ನಿಮ್ಮ ಕೈಗೆ ಇದು ಗೊತ್ತು ಎಂದೆ. ರಸ್ತೆಯಲ್ಲಿ ಊರವರು ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದರು. ಅವರು ಸೇನೆಯಲ್ಲಿ ಇದ್ದದ್ದು ಬ್ಯಾಂಡಿನಲ್ಲಿ. ಸೇರಿದ ಎರಡನೇ ವರ್ಷದಿಂದ ನಿವೃತ್ತಿಯವರೆಗೂ ಊದಿದ್ದೇ ಕೆಲಸ. ಊರಿನಲ್ಲಿ ಯಾರಿಗೂ ಗೊತ್ತಿಲ್ಲ, ಹೆಂಡತಿಗೂ ಹೇಳಿಲ್ಲ. ನಮ್ಮ ಕಡೆ ಊದುವುದು, ಬಾರಿಸುವುದು ಇಂಥಿಂಥವರ ಕೆಲಸ ಎಂದು ಹಿಂದಿನವರೇ ಹಂಚಿಟ್ಟು ಹೋಗಿದ್ದಾರಲ್ಲ. ಒಕ್ಕಲು ಮನೆಯವನು ವಾಲಗ ಊದಿದ ಎಂದರೆ ಹೆಣ್ಣು ಕೊಟ್ಟ ಮಾವನ ಮನೆಯವರು ಏನೆಂದಾರು ಎಂಬ ಅಂಜಿಕೆ. ಆ ಅಂಜಿಕೆಯಲ್ಲಿ ಒಂದು ಸಲ ಬಂದೂಕು ಎಂದರು, ಆಮೇಲೆ ಬಂದೂಕೇ ಆಗಿಹೋಯಿತು. ಇದು ನಿನ್ನ ಹೊಟ್ಟೆಯಲ್ಲೇ ಇರಲಿ ಎಂದು ಎದ್ದು ಹೋದರು.

ಇಟ್ಟುಕೊಂಡೆ ಕೂಡ. ಒಂದು ವರ್ಷ.

ಆಮೇಲೆ ಇದೇ ಶಾಲೆಯಲ್ಲಿ ಕವಾಯತು ಕಲಿಯುವ ಕೆಡೆಟ್ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಹಳೇ ಡ್ರಮ್ಮು ಹುಡುಕಿಕೊಂಡು ನನ್ನಲ್ಲಿಗೆ ಬಂದರು. ಕೆಡೆಟ್ ಬ್ಯಾಂಡು ಕಟ್ಟಲು ಸರ್ಕಾರ ವಾದ್ಯಗಳನ್ನು ಕೊಡುತ್ತದಂತೆ, ಆದರೆ ಸೇನೆಯ ಬ್ಯಾಂಡಿನಲ್ಲಿದ್ದ ಒಬ್ಬರು ಕಲಿಸುತ್ತೇನೆಂದು ಬರೆದುಕೊಡಬೇಕಂತೆ. ಅಂಥವರನ್ನು ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿಂದ ತರಲಿ ಎಂದು ಅವರು ಗೋಳಾಡಿದರು. ಒಂದು ಕಡೆ ಗಿರಾಕಿ, ಇನ್ನೊಂದು ಕಡೆ ಮಾಲು, ನಡುವೆ ನಾನು. ನನ್ನಂಥವನಿಗೆ ಸುಮ್ಮನಿರಲು ಆಗುತ್ತದೆಯೇ?

ಮಿಲ್ಟ್ರಿಯಣ್ಣನನ್ನು ಒಪ್ಪಿಸಲು ಮೂರು ಸಲ ಹೋದೆ. ಎರಡು ಸಲ ಆಗದು ಎಂದರು. ಮೂರನೆಯ ಸಲ, ಮಕ್ಕಳು ಮೊಬೈಲಿನ ಹಾಡು ಮೈಕಿಗೆ ಹಿಡಿದು ಹೆಜ್ಜೆ ಹಾಕುತ್ತಾರಂತೆ, ಎಡ ಬಲ ಸೇರುವುದೇ ಇಲ್ಲವಂತೆ ಎಂದೆ. ಅದು ಅವರಿಗೆ ತಾಗಿತು. ಊರವರಿಗೆ ಗೊತ್ತಾಗದ ಹಾಗೆ ಆಗುವುದಾದರೆ ನೋಡು ಎಂದು ಖಾಲಿ ಅರ್ಜಿಗೆ ರುಜು ಹಾಕಿಕೊಟ್ಟರು. ಅದನ್ನು ನನಗೆ ಬಿಡಿ ಅಣ್ಣಾ ಎಂದೆ.

ಅರ್ಜಿಯಲ್ಲಿ ಸೇವೆಯ ವಿವರ ಎಂದು ಒಂದು ಕಡೆ ಇತ್ತು. ಸೇನೆಯ ಬ್ಯಾಂಡು ಎಂದು ನೇರವಾಗಿ ಬರೆದರೆ ನಾಳೆ ಪಂಚಾಯಿತಿಯಲ್ಲಿ ಯಾರಾದರೂ ಓದಿಯಾರು, ಗುಟ್ಟು ರಟ್ಟಾದೀತು. ನನ್ನ ಜಾಣತನ ಕೆಲಸ ಮಾಡಿತು. ಗೌರವವಾಗಿಯೂ ಇರಲಿ, ಊದುವ ಕೆಲಸವೆಂದು ಯಾರಿಗೂ ತಿಳಿಯದೆಯೂ ಇರಲಿ ಎಂದು ಅಂದವಾದ ಅಕ್ಷರದಲ್ಲಿ ‘ವಾದ್ಯ ಕಲಾವಿದರು’ ಎಂದು ಬರೆದೆ. ಬೆನ್ನು ತಟ್ಟಿಕೊಂಡೆ.

ಅರ್ಜಿ ಮೈಸೂರಿನ ಕಚೇರಿಯಲ್ಲಿ ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತೋ... ಕಲಾವಿದರು ಎಂಬ ಪದ ನೋಡಿದವರು ಅದನ್ನು ಕಲಾವಿದರ ಮಾಸಾಶನದ ಕಡತಕ್ಕೆ ಸೇರಿಸಿದ್ದರು. ಅವರನ್ನೇನು ದೂರುವುದು? ನಾನು ಬರೆದದ್ದನ್ನೇ ಅವರು ಓದಿದ್ದರು. ಎರಡು ತಿಂಗಳ ಮೇಲೆ ಪಂಚಾಯಿತಿಗೆ ಒಂದು ಕಾಗದ ಬಂತು. ತಮ್ಮ ಗ್ರಾಮದ ವಾಲಗ ಕಲಾವಿದರಾದ ಇವರು ಯಾವ ಯಾವ ಮದುವೆ, ಉತ್ಸವಗಳಲ್ಲಿ ನುಡಿಸಿದ್ದಾರೆ ಎಂಬ ಬಗ್ಗೆ ದೃಢೀಕರಣ ಕಳುಹಿಸುವುದು, ವಾದ್ಯದೊಂದಿಗೆ ಒಂದು ಭಾವಚಿತ್ರ ಲಗತ್ತಿಸುವುದು.

ಪಂಚಾಯಿತಿಯ ಬಿಲ್ ಕಲೆಕ್ಟರು ಅದನ್ನು ಟೀ ಅಂಗಡಿಯ ಮುಂದೆ ಗಟ್ಟಿಯಾಗಿ ಓದಿದ. ಮಿಲ್ಟ್ರಿಯಣ್ಣ ಅಲ್ಲೇ ಟೀ ಕುಡಿಯುತ್ತಾ ಕೂತಿದ್ದರು. ಬೇರೆ ಯಾರೋ ಇರಬೇಕು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅವರು ಹೇಳಲಿಲ್ಲ. ಹಾರ ಬೀಳುವಾಗಿನ ಹಾಗೇ ನೆಲ ನೋಡಿದರು, ಅದರಲ್ಲೇ ಎಲ್ಲರಿಗೂ ತಿಳಿಯಿತು. ಊರಿನ ಯಜಮಾನನೊಬ್ಬ, ಮಾತಿನ ಮಲ್ಲ, ಬೆಂಚಿನ ಮೇಲಿಂದಲೇ ಕೇಳಿದನಂತೆ:

“ಏನ್ಲಾ ಮಿಲ್ಟ್ರಿ, ಮುಂದಿನ್ ತಿಂಗ್ಳು ನಮ್ ದೊಡ್ಡುಡ್ಗಿ ಧಾರೆ ಐತೆ. ಊದಾಕ್ ಬತ್ತೀಯಾ? ವೀಳ್ಯ ಈಗ್ಲೇ ಕೊಟ್ಬುಡ್ಲಾ?”

ಮದುವೆಗೆ ವಾಲಗದವರನ್ನು ಗೊತ್ತು ಮಾಡುವಾಗ ಎಲೆ ಅಡಿಕೆ ಕೊಟ್ಟು ಕರೆಯುವುದು ನಮ್ಮಲ್ಲಿ ಪದ್ಧತಿ. ಅದನ್ನೇ ಹಿಡಿದು ಚುಚ್ಚಿದ್ದ. ಎಲ್ಲರೂ ನಕ್ಕರಂತೆ. ಮಿಲ್ಟ್ರಿಯಣ್ಣ ಲೋಟ ಇಟ್ಟು ಮನೆಗೆ ಹೋದರಂತೆ.

ನನಗೆ ಸುದ್ದಿ ಮುಟ್ಟಿದ್ದು ನಾಲ್ಕು ದಿನದ ಮೇಲೆ. ಬಸ್ಸು ಹತ್ತಿ ಹೋದೆ. ಅವರು ಜಗಲಿಯ ಮೇಲೆ ಹೊಗೆಸೊಪ್ಪು ಕಟ್ಟುವ ದಾರ ಬಿಡಿಸುತ್ತಾ ಕೂತಿದ್ದರು. ನನ್ನನ್ನು ಕಂಡರೂ ಕೈ ದಾರ ಬಿಡಲಿಲ್ಲ. ಅತ್ತಿಗೆ ಕಾಫಿ ತಂದಿಟ್ಟರು. ನಾನು ಏನೇನೋ ಸಮಜಾಯಿಷಿ ಹೇಳತೊಡಗಿದ್ದೆ. ಅತ್ತಿಗೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಡುವೆಯೇ ಹೇಳಿದರು:

“ನಂಗೆ ಮದ್ವೆ ಆದ್ ವರ್ಸ್ವೇ ಗೊತ್ತಾಗಿತ್ತು ಕಣಪ್ಪ. ಕಾಪಿ ಲೋಟ ಇಡಿದ್ರೂ ಬಲ್ಗೈ ಮೂರ್ ಬೆಟ್ಟು ಸುಮ್ಕಿರಾಕಿಲ್ಲ, ಕುಣೀತಾವೆ. ಬಂದೂಕ ಇಡಿದ ಕೈ ಅಂಗಾಡ್ತದಾ?”

ಮಿಲ್ಟ್ರಿಯಣ್ಣ ತಲೆಯೆತ್ತಿ ಹೆಂಡತಿಯನ್ನೇ ನೋಡಿದರು. ಇಷ್ಟು ವರ್ಷ ಯಾಕೆ ಕೇಳಲಿಲ್ಲ ಎಂದು ಅವರೂ ಕೇಳಲಿಲ್ಲ. ನೀವು ಹೇಳಲಿ ಅಂತ ಇದ್ದೆ ಎಂದು ಆಕೆಯೂ ಹೇಳಲಿಲ್ಲ. ಆದರೆ ಅದೇ ಮಾತು ಅಲ್ಲಿ ಇತ್ತು.

ಆಮೇಲೆ ಮಿಲ್ಟ್ರಿಯಣ್ಣ ಮಾತಾಡಿದರು. ಯುದ್ಧ ಬಂದರೆ ಬ್ಯಾಂಡಿನವರು ವಾದ್ಯಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರಂತೆ. ಆಮೇಲೆ ಅವರ ಕೈಗೆ ಬರುವುದು ಸ್ಟ್ರೆಚರು. “ಊದೋರ್ಗೆ ದಮ್ಮು ಜಾಸ್ತಿ ಕಣಪ್ಪ. ಬೆಟ್ಟ ಅತ್ತಿ, ಗಾಯ ಆದೋರ್ನ ಒತ್ಕಂಡು ಇಳ್ಯಾಕೆ ನಮ್ಮನ್ನೇ ಕಳುಸ್ತಿದ್ರು” ಎಂದರು. ಒಬ್ಬ ಸಿಪಾಯಿ ಇಳಿಯುವ ದಾರಿಯುದ್ದಕ್ಕೂ ಅದೊಂದು ಟ್ಯೂನ್ ಊದಿ ಸಾಬ್ ಎಂದು ಕೇಳುತ್ತಲೇ ಇದ್ದನಂತೆ. ಎರಡು ಕೈಯಲ್ಲೂ ಸ್ಟ್ರೆಚರಿನ ಹಿಡಿ. ಬರೀ ಬಾಯಲ್ಲೇ ನುಡಿಸುತ್ತಾ ಇಳಿದರಂತೆ. ಕೆಳಗೆ ಬಂದು ನೋಡಿದರೆ...

ಇಷ್ಟು ದೊಡ್ಡದನ್ನು ಊರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೊತ್ತದ್ದನ್ನು ಹೇಳಬೇಕಾದರೆ ಊದಿದ್ದನ್ನೂ ಹೇಳಬೇಕಿತ್ತಲ್ಲ ಎಂದರು.

ನಾನು ಹೊರಡಲು ಎದ್ದೆ. ಅರ್ಜಿಯ ಮಾತು ಮುಗಿದುಹೋಯಿತೆಂದೇ ತಿಳಿದಿದ್ದೆ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಅವರ ದನಿ ಬಂತು:

“ಆ ಮೇಷ್ಟ್ರಿಗೆ ಯೋಳು. ವೀಳ್ಯ ತಕ್ಕಂಡು ಬರ್ಲಿ. ಮನೇಗಲ್ಲ, ಟೀ ಅಂಗ್ಡಿ ತಾವ್ಕೆ.”

ಮುಂದಿನ ಭಾನುವಾರ ಬೆಳಿಗ್ಗೆ ಮೇಷ್ಟ್ರು ಹಿತ್ತಾಳೆ ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ಹಿಡಿದು ಬಂದರು. ತಟ್ಟೆ ನನ್ನ ಅಂಗಡಿಯದೇ. ಮಿಲ್ಟ್ರಿಯಣ್ಣ ಇಸ್ತ್ರಿ ಮಾಡಿದ ಹಳೇ ಕೋಟು ಹಾಕಿ ಬಂದಿದ್ದರು. ಟೀ ಅಂಗಡಿಯ ಮುಂದಿದ್ದವರೆಲ್ಲ ತಿರುಗಿ ನೋಡಿದರು. ಮಕ್ಕಳಿಗೆ ಬ್ಯಾಂಡು ಕಲಿಸಿಕೊಡಬೇಕು ಎಂದು ಮೇಷ್ಟ್ರು ತಟ್ಟೆ ನೀಡಿದರು. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಹೊಸ ಅರ್ಜಿಯನ್ನು ಅದೇ ಬೆಂಚಿನ ಮೇಲಿಟ್ಟು ತಮ್ಮ ಕೈಯಾರೆ ತುಂಬಿದರು. ಸೇನೆಯ ಬ್ಯಾಂಡಿನಲ್ಲಿ ಊದುತ್ತಿದ್ದೆ, ಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತೆ. ಬರೆದದ್ದನ್ನು ಬಿಲ್ ಕಲೆಕ್ಟರನ ಕೈಗೆ ಕೊಟ್ಟು, ಮೊನ್ನೆ ಓದಿದ ಹಾಗೇ ಇದನ್ನೂ ಗಟ್ಟಿಯಾಗಿ ಓದು ಎಂದರು. ಅವನು ಓದಿದ. ಎರಡನೇ ಸಾಲಿಗೆ ಬರುವಾಗ ದನಿ ಇಳಿದಿತ್ತು.

ಆ ಯಜಮಾನ ಅಲ್ಲೇ ಇದ್ದ. ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿ, ತನ್ನ ಚಿಕ್ಕ ಹುಡುಗಿಯೂ ಅದೇ ಶಾಲೆಯಲ್ಲಿ ಎಂಟನೇ ಕ್ಲಾಸು ಎಂದ. “ಅದ್ಕೂ ವಸಿ ಯೋಳ್ಕೊಡ್ತೀರಾ?” ಎಂದ. ‘ಬತ್ತೀಯಾ’ ಹೋಗಿ ‘ಕೊಡ್ತೀರಾ’ ಬಂದಿತ್ತು. ಆ ಒಂದು ‘ರಾ’ ಅಕ್ಷರಕ್ಕೆ ನಾನು ಏನು ಬೇಕಾದರೂ ಕೊಡುತ್ತಿದ್ದೆ.

ಸರ್ಕಾರ ಏನೂ ಕೊಡುವುದಿಲ್ಲ ಎಂದು ಬಯ್ಯುವವರು ನನ್ನ ಅಂಗಡಿಗೆ ದಿನಾ ಬರುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೇ: ಕೊಡುತ್ತದೆ, ಆದರೆ ನೀವು ಬರೆದ ಪದ ನೋಡಿ ಕೊಡುತ್ತದೆ. ಅರ್ಜಿ ತುಂಬುವಾಗ ಅಂದಚೆಂದ ಬೇಡ, ಇದ್ದದ್ದನ್ನು ಬರೆಯಿರಿ. ಈ ಬುದ್ಧಿ ನನಗೆ ಬಂದದ್ದು ಬೇರೆಯವರ ಮಾನ ಕಳೆದು.

ಮಳೆಗಾಲ ಕಳೆದ ಮೇಲೆ ವಾದ್ಯಗಳು ಬಂದವು. ಪ್ರತಿ ಶನಿವಾರ ಮಿಲ್ಟ್ರಿಯಣ್ಣ ಶಾಲೆಗೆ ಹೋಗುತ್ತಿದ್ದರು. ಮೊದಲ ತಿಂಗಳು ಊದಲು ಬಿಡಲೇ ಇಲ್ಲವಂತೆ, ಹುಣಸೆಹುಳಿ ಹಚ್ಚಿ ಬೆಳಗುವುದೇ ಪಾಠ. ಪಿರಿಯಾಪಟ್ಟಣದ ಮೈದಾನದಲ್ಲಿ ಮೊದಲ ಪೆರೇಡ್ ಆದ ದಿನ ನಾನೂ ಹೋಗಿದ್ದೆ. ಯಜಮಾನನ ಹುಡುಗಿ ಮುಂದಿನ ಸಾಲಿನಲ್ಲಿ ಊದುತ್ತಿದ್ದಳು. ಅವಳ ತುತ್ತೂರಿಯ ನಡುವಿನ ಗುಂಡಿ ಕಳಚಿ ಮಣ್ಣಿಗೆ ಬಿತ್ತು, ಹುಡುಗಿ ನಿಲ್ಲಿಸಲಿಲ್ಲ. ಅಂದು ಸಂಜೆಯೇ ಮಿಲ್ಟ್ರಿಯಣ್ಣ ತಮ್ಮ ಕೋಟಿನ ಗುಂಡಿ ಕಿತ್ತು ಅದಕ್ಕೆ ಕೂರಿಸಿದರು.

ನಾನು ಅವರಿಗೆ ತಪ್ಪಾಯಿತು ಎಂದು ಯಾವತ್ತೂ ಹೇಳಲಿಲ್ಲ. ವ್ಯಾಪಾರದವನಿಗೆ ರೇಟು ಇಳಿಸುವುದು ಬರುತ್ತದೆ, ತಲೆ ಇಳಿಸುವುದು ಬರುವುದಿಲ್ಲ. ನಾಳೆ ಹೇಳೋಣ, ಮುಂದಿನ ಸಂತೆಗೆ ಬಂದಾಗ ಹೇಳೋಣ... ಕೆ.ಆರ್. ನಗರದಲ್ಲಿ ಒಂದು ಹಳೇ ಮಿಲ್ಲಿನ ಸಾಮಾನು ನೋಡುತ್ತಾ ನಿಂತಿದ್ದಾಗ ಫೋನು ಬಂತು, ಹೋಗಿಬಿಟ್ಟರು ಎಂದು. ನಾನು ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಅವರ ನಂತರ ಕಲಿಸುವವರು ಸಿಗಲಿಲ್ಲ. ಮೇಷ್ಟ್ರಿಗೂ ವರ್ಗವಾಯಿತು. ಕೆಡೆಟ್ ಮಕ್ಕಳು ಮತ್ತೆ ಮೈಕಿನ ಹಾಡಿಗೆ ಹೆಜ್ಜೆ ಹಾಕುತ್ತಿದ್ದಾರೆ.

ಹೆಡ್ ಮಿಸ್ ಬಾಗಿಲಲ್ಲಿ ನಿಂತು ಏನು ಹೇಳ್ತೀರಿ ಎಂದು ಕೇಳಿದರು. ಕುರ್ಚಿ, ಬೀರು ಹರಾಜಿಗೆ ಹಾಕಿ, ವಾದ್ಯ ಮಾತ್ರ ಬೇಡ ಮೇಡಂ ಎಂದೆ. ಎಚ್.ಡಿ. ಕೋಟೆಯ ಕಡೆ ಒಬ್ಬರು ನಿವೃತ್ತರಾಗಿ ಬಂದಿದ್ದಾರೆ, ಸೇನೆಯಲ್ಲಿ ಏನು ಕೆಲಸ ಎಂದು ಕೇಳಿದರೆ ಮಾತು ತಿರುಗಿಸುತ್ತಾರಂತೆ ಎಂದು ನನ್ನ ಕಿವಿಗೆ ಬಿದ್ದಿತ್ತು. ಆ ಮಾತು ತಿರುಗಿಸುವ ಬಗೆ ನನಗೆ ಗೊತ್ತು. ಎಲೆ ಅಡಿಕೆ ತೆಗೆದುಕೊಂಡು ಹೋಗೋಣ, ಆದರೆ ಮೊದಲು ಅವರ ಮನೆಗೆ, ಟೀ ಅಂಗಡಿಗಲ್ಲ, ಎಲ್ಲರ ಎದುರು ಹೇಳುವುದು ಬಿಡುವುದು ಅವರಿಗೆ ಸೇರಿದ್ದು ಎಂದೆ. ಆಕೆಗೆ ಅರ್ಥವಾದ ಹಾಗೆ ಕಾಣಲಿಲ್ಲ. ಬರುವವರು ಬಂದರೂ ಬರಬಹುದು. ಬಂದರೂ ಅವರು ಮಿಲ್ಟ್ರಿಯಣ್ಣನಲ್ಲ.

ಆಕೆ ಆಚೆ ಹೋದ ಮೇಲೆ ತುತ್ತೂರಿಯ ಬಾಯಿಯನ್ನು ಅಂಗಿಯ ತುದಿಯಿಂದ ಒರೆಸಿದೆ. ಮೂರು ಬೆರಳಿಟ್ಟೆ, ಕೋಟಿನ ಗುಂಡಿ ತಣ್ಣಗಿತ್ತು. ಇಷ್ಟು ವರ್ಷ ಮಾತಿನ ದಮ್ಮಿನಲ್ಲೇ ಬದುಕಿದವನು ನಾನು, ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಊದಿದೆ. ಬರೀ ಗಾಳಿ ಬಂತು.