ಕಾಗೆಗೆ ಹಿಡಿದ ಕೊಡೆ

ಒಂದು ಒದ್ದೆ ಪಂಚೆ ಒಣಗಲು ಎಷ್ಟು ಹೊತ್ತು ಬೇಕು? ಮೈಸೂರಿನವರನ್ನು ಕೇಳಿದರೆ ಇದೂ ಒಂದು ಪ್ರಶ್ನೆಯೇ ಎಂದು ನಕ್ಕಾರು. ಅಲ್ಲಿ ಸ್ನಾನ ಮುಗಿಸಿ ಹಿಂಡಿ ಹರವಿದ ಪಂಚೆ ತಿಂಡಿ ತಿಂದು ಏಳುವಷ್ಟರಲ್ಲಿ ಗರಿಗರಿಯಾಗಿರುತ್ತದೆ. ಕೊಚ್ಚಿಯಲ್ಲಿ ಮೇ ತಿಂಗಳ ಕೊನೆಗೆ ಎಡವ ಮಾಸದ ಮಳೆ ಹಿಡಿಯಿತೆಂದರೆ, ಮಹರಾಯರೇ, ನಡುಮನೆಯ ಗಳುವಿನ ಮೇಲೆ ಹರವಿದ ನನ್ನ ಮಡಿಪಂಚೆ ಹಗಲೂ ಇರುಳೂ ನೇತಾಡಿ, ಒಣಗುವ ಬದಲು ಮುಗ್ಗಲು ಹಿಡಿಯುತ್ತಿತ್ತು. ಊರಿನವರು ಇನ್ನೂ ಮಾವಿನಹಣ್ಣಿನ ಬೇಸಿಗೆಯಲ್ಲಿರುವಾಗ ನಾವಿಲ್ಲಿ ಒದ್ದೆ ಮಡಿಯೇ ಶ್ರೇಷ್ಠ ಎಂಬ ಹೊಸ ಸಿದ್ಧಾಂತವನ್ನು ಮೈಗೆ ಸುತ್ತಿಕೊಂಡು ಸೀನುತ್ತಿದ್ದೆವು.

ಅರವತ್ತರ ದಶಕದ ಕೊನೆಯ ಮಾತು. ಬ್ಯಾಂಕಿನ ನೌಕರಿ ನನ್ನನ್ನು ಮೊದಲು ತಿರುವನಂತಪುರಕ್ಕೆ ಎಸೆದು, ಅಲ್ಲಿಂದ ಕೊಚ್ಚಿಯ ಮಟ್ಟಾಂಚೇರಿಗೆ ತಂದು ಹಾಕಿತ್ತು. ತಿರುವನಂತಪುರ ಏರುತಗ್ಗಿನ ಊರು; ಅಲ್ಲಿಯ ಮಳೆಗೆ ಸುರಿದ ಮೇಲೆ ಇಳಿದುಹೋಗುವಷ್ಟು ಮರ್ಯಾದೆ ಇತ್ತು. ಮಟ್ಟಾಂಚೇರಿಯ ಮಳೆ ಹೋಗುವುದಾದರೂ ಎಲ್ಲಿಗೆ? ಸಮುದ್ರಕ್ಕೆ ಉಬ್ಬರ ಬಂತೆಂದರೆ ಕಾಲುವೆಯೇ ಹಿಂದಕ್ಕೆ ಹರಿದು, ಕರೆಯದ ನೆಂಟನ ಹಾಗೆ ಅಂಗಳಕ್ಕೆ ಬಂದು ಕೂತುಬಿಡುತ್ತಿತ್ತು. ಜೊತೆಗೆ ಮೆಣಸಿನ ಗೋದಾಮುಗಳ ಕೊಳೆತ ಗೋಣಿ, ಯಾರದೋ ಒಂಟಿ ಚಪ್ಪಲಿ, ತೆಂಗಿನ ಚಿಪ್ಪು. ಬಾಡಿಗೆ ಮನೆಯ ಮೆಟ್ಟಿಲ ಮೇಲೆ ನಿಂತು ಆ ನೀರನ್ನು ನಾನು ಬೈಯದ ದಿನವಿರಲಿಲ್ಲ.

ಇಂಥ ಮಳೆಯಲ್ಲಿಯೇ ಅಪ್ಪನ ಶ್ರಾದ್ಧದ ತಿಥಿ ಬರಬೇಕೇ? ನಮ್ಮೊಡನೆ ಇದ್ದ ಅಮ್ಮನಿಗೆ ಮೈಸೂರಿಗೇ ಹೋಗಿ ಮಾಡಬೇಕೆಂಬ ಆಸೆ. ನನಗೆ ರಜೆ ಸಿಗಲಿಲ್ಲ. ಎಲ್ಲಿ ಮಾಡಿದರೂ ಶ್ರಾದ್ಧ ಶ್ರಾದ್ಧವೇ ಎಂದು ದೊಡ್ಡ ಪಂಡಿತನ ಹಾಗೆ ವಾದಿಸಿ ಒಪ್ಪಿಸಿದ್ದೆ.

"ಆಗಲಪ್ಪ. ನಿಮ್ಮಪ್ಪನಿಗೆ ಒಪ್ಪಿಗೆ ಇದೆಯೋ ಇಲ್ಲವೋ ಅವತ್ತು ಕಾಗೆ ಹೇಳತ್ತೆ" ಎಂದಿದ್ದರು ಅಮ್ಮ. ನಮ್ಮಲ್ಲಿ ನಂಬಿಕೆ ಹಾಗೆ: ಕಾಗೆ ಪಿಂಡ ಮುಟ್ಟಿದರೆ ಹಿರಿಯರು ತೃಪ್ತರು, ಅದು ಮುಟ್ಟುವ ತನಕ ಮನೆಯವರು ಎಲೆಯ ಮುಂದೆ ಕೂರುವಂತಿಲ್ಲ. ಅಮ್ಮನಿಗೋ ತಲೆಸುತ್ತಿನ ಕಾಯಿಲೆ. ಹೊಟ್ಟೆ ಖಾಲಿ ಬಿಡಲೇಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಅವರು ಹಿಂದಿನ ಮಧ್ಯಾಹ್ನದಿಂದ ಬಾಯಿಗೆ ಏನನ್ನೂ ಹಾಕಿರಲಿಲ್ಲ.

ಉಡುಪಿ ಕಡೆಯಿಂದ ಬಂದು ಅಲ್ಲಿ ನೆಲೆಸಿದ್ದ ಪುರೋಹಿತ ಭಟ್ಟರು ಪಂಚೆಯನ್ನು ಮೊಣಕಾಲಿನ ಮೇಲಕ್ಕೆತ್ತಿ ನೀರಿನಲ್ಲಿ ನಡೆದೇ ಬಂದು ಕರ್ಮ ಮುಗಿಸಿಕೊಟ್ಟರು. ಅಂಗಳ ಕೆರೆಯಾಗಿದ್ದರಿಂದ ಪಿಂಡದ ಎಲೆಯನ್ನು ಕಾಂಪೌಂಡಿನ ಗೋಡೆಯ ಮೇಲಿಟ್ಟು ನಾನು "ಕಾ ಕಾ" ಎಂದು ಕೂಗಿದೆ. ಮಳೆಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಅಷ್ಟರಲ್ಲಿ ಪಿಂಡ ಕರಗಿ ಗಂಜಿಯಾಗುವ ಲಕ್ಷಣ ಕಂಡಿತು. ಓಡಿ ಹೋಗಿ ಕೊಡೆ ಹಿಡಿದೆ. ಎದುರಿನ ತೆಂಗಿನ ಗರಿಯಡಿ ಮುದುಡಿ ಕೂತಿದ್ದ ಒಂದೇ ಒಂದು ಕಾಗೆ ಕರಿ ಕೊಡೆಯನ್ನು ಕಂಡು ಇನ್ನೂ ಮೇಲಿನ ಗರಿಗೆ ಹಾರಿತು. ಕೊಡೆ ಹಿಡಿದರೆ ಕಾಗೆಯಿಲ್ಲ, ತೆಗೆದರೆ ಪಿಂಡವಿಲ್ಲ. ಇಂಥ ಸಂಕಟಕ್ಕೆ ಯಾವ ಶಾಸ್ತ್ರಕಾರ ಪರಿಹಾರ ಬರೆದಿದ್ದಾನೆ, ನೀವೇ ಹೇಳಿ.

ಪಕ್ಕದ ಮನೆಯ ಅಮ್ಮಿಣಿ ಚೇಚಿ ಕಿಟಕಿಯಿಂದ ನೋಡಿ ಮರುಗಿದರು. "ಕೈ ನನಚ್ಚು ಕೊಟ್ಟಣಂ, ಸಾರೇ!" ಕೈ ಒದ್ದೆ ಮಾಡಿಕೊಂಡು ಚಪ್ಪಾಳೆ ತಟ್ಟಬೇಕಂತೆ, ಬಲಿಯ ಕಾಗೆಯನ್ನು ಕರೆಯುವುದು ಆ ನಾಡಿನ ಪದ್ಧತಿಯಲ್ಲಿ ಹಾಗೆ. ಅಡಿಯಿಂದ ಮುಡಿಯವರೆಗೆ ತೊಯ್ದು ತೊಪ್ಪೆಯಾಗಿದ್ದವನಿಗೆ ಕೈ ಒದ್ದೆ ಮಾಡಿಕೊಳ್ಳುವ ಉಪದೇಶ! ಆದರೂ ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿ ತಟ್ಟಿದೆ. ಕಾಗೆ ಕತ್ತು ಕೊಂಕಿಸಿ, ಯಾವುದೋ ನಾಟಕ ನೋಡುವಂತೆ ನೋಡಿತು.

"ನೀರಿಗೆ ಬಿಟ್ರೂ ಆಗ್ತದೆ ಮಾರಾಯ್ರೆ, ಅದಕ್ಕೂ ಶಾಸ್ತ್ರ ಉಂಟು" ಎಂದರು ಭಟ್ಟರು, ಹೊರಡುತ್ತಾ. "ಶಾಸ್ತ್ರ ಒಪ್ಪಬಹುದು, ಅವರು ಒಪ್ಪಬೇಕಲ್ಲ" ಎಂದು ಅಮ್ಮ ಬಾಗಿಲ ಕಂಬಕ್ಕೊರಗಿ ಕೂತೇ ಇದ್ದರು. ಮುಖ ಬಿಳಿಚಿಕೊಂಡಿತ್ತು. ಎರಡು ತುತ್ತು ತಿನ್ನಿ ಎಂದು ನನ್ನ ಹೆಂಡತಿ ಸರೋಜ ಅಂಗಲಾಚಿದರೆ ಅವರು ತಲೆಯಾಡಿಸಿ ಗೋಡೆಯ ಕಡೆಯೇ ನೋಡುತ್ತಿದ್ದರು. ನನಗೆ ಮಳೆಯ ಮೇಲೆ, ಕಾಗೆಯ ಮೇಲೆ, ರಜೆ ಕೊಡದ ಮ್ಯಾನೇಜರರ ಮೇಲೆ, ಕೊನೆಗೆ ಪಾಪ, ಅಪ್ಪನ ಮೇಲೂ ಕೋಪ ಬಂತು. ಕೋಪದ ಅಡಿಯಲ್ಲಿ ಇದ್ದದ್ದು ಭಯ. ಅಮ್ಮ ಅಲ್ಲೇ ಕುಸಿದರೆ ಆ ನೀರಿನಲ್ಲಿ ಅವರನ್ನು ಎತ್ತಿಕೊಂಡು ಯಾವ ಆಸ್ಪತ್ರೆಗೆ ಹೋಗಲಿ?

ಮಳೆ ಇನ್ನಷ್ಟು ಜೋರಾಯಿತು. ಅಮ್ಮ ಇದ್ದಕ್ಕಿದ್ದಂತೆ ಎದ್ದು, ಕಂಬ ಹಿಡಿದು ಮೆಟ್ಟಿಲಿಳಿದು ಮೊಣಕಾಲು ಮಟ್ಟದ ನೀರಿಗೇ ಬಂದರು. ಎಲೆಯನ್ನು ಕೈಗೆತ್ತಿಕೊಂಡರು. ಮಾತಾಡಿದ್ದು ನನ್ನೊಡನೆ ಅಲ್ಲ.

"ಇದ್ದಾಗ್ಲೂ ಹೀಗೇ ಮಾಡ್ತಿದ್ರಿ. ಎಲೆ ಹಾಕಿ ಎಷ್ಟು ಸಲ ಕೂಗಬೇಕಿತ್ತು ನಿಮ್ಮನ್ನ! ಪೇಪರ್ ಹಿಡ್ಕೊಂಡು ಬಂದೆ ಬಂದೆ ಅಂತ ಕೂತಿರ್ತಿದ್ರಿ, ಅನ್ನ ಆರಿಹೋಗ್ತಿತ್ತು. ಮಗ ಮಳೇಲಿ ನೆನೀತಿದಾನೆ, ಕಾಣ್ಸಲ್ವಾ? ನನಗೆ ಹಸಿವಾಗಿದೆ ಕಣ್ರೀ. ಬೇಕಾದ್ರೆ ಇಲ್ಲೇ ತಗೊಳ್ಳಿ."

ಎಲೆಯನ್ನು ನೀರಿಗೆ ಬಿಟ್ಟು, ಅದು ಕಾಲುವೆಯ ಕಡೆ ತೇಲುವುದನ್ನು ನೋಡಲೂ ನಿಲ್ಲದೆ ಒಳಗೆ ನಡೆದರು. "ಬಡಿಸಮ್ಮ" ಎಂದರು ಸರೋಜಳಿಗೆ. ನನಗಾಗ ವಯಸ್ಸು ನಲವತ್ತರ ಹತ್ತಿರ. ಅಪ್ಪನದಾದ ಮೇಲೆ, ನಮ್ಮದಾದ ಮೇಲೆ, ಉಳಿದದ್ದರಲ್ಲಿ ಊಟ ಮಾಡಿಕೊಂಡು ಬಂದ ಅಮ್ಮನ ಬಾಯಿಂದ ಹಸಿವು ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಅವರು ಅರ್ಧ ಊಟದಲ್ಲಿದ್ದಾಗ ಕಾಗೆ ಹಾರಿ ಬಂದು ಖಾಲಿ ಗೋಡೆಯ ಮೇಲೆ ಕೂತು ಅತ್ತಿತ್ತ ನೋಡಿತು. ನಾನು ಗಾಬರಿಯಿಂದ ಅಮ್ಮನ ಮುಖ ನೋಡಿದೆ. ಅವರು ಬಾಗಿಲಾಚೆ ಕಣ್ಣು ಹಾಯಿಸಿ, "ಈಗ ಬಂದ್ರಾ?" ಎಂದರು. ಏಳಲಿಲ್ಲ. ಸರೋಜಳ ಕಡೆ ತಿರುಗಿ ಇನ್ನೊಂದು ವಡೆ ಹಾಕಿಸಿಕೊಂಡರು.