ಮೊದಲು ಬಂದ ಬಸ್ಸು

ನಮ್ಮ ನಿಲ್ದಾಣದ ಟಿಕೆಟ್ ಅಕ್ಕನನ್ನು ನೋಡುತ್ತಾ ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯದು. ಕೆಂಪು ಬಸ್ಸಿನವರೂ ನೀಲಿ ಬಸ್ಸಿನವರೂ ಹಾವು ಮುಂಗುಸಿಯಂತಿದ್ದರೂ, ಇವಳು ಕೊಡುವ ಒಂದೇ ಟಿಕೆಟ್ ಎರಡಕ್ಕೂ ನಡೆಯುತ್ತದೆ. "ಯಾವುದು ಹತ್ತಲಿ?" ಎಂದು ದೇವರೇ ಬಂದು ಕೇಳಿದರೂ "ಮೊದಲು ಬಂದದ್ದು" ಎಂದೇ ಅವಳ ಉತ್ತರ. "ನಮ್ಮ ಕಡೆ ನಾಲ್ಕು ಜನ ಕಳಿಸಕ್ಕಾ" ಎಂದು ಕಂಡಕ್ಟರುಗಳು ಗೋಗರೆದರೆ, "ಕೂಗೋದು ನಿನ್ನ ಕೆಲಸ, ಕೊಡೋದು ನನ್ನ ಕೆಲಸ" ಎನ್ನುತ್ತಾಳೆ. ಕೆಂಪು ಬಸ್ಸು ಓಡಿಸುವವನು ಅವಳ ಗಂಡ, ನೀಲಿ ಬಸ್ಸು ಓಡಿಸುವವನು ಅವಳ ತಮ್ಮ. ಜನರನ್ನು ಹತ್ತಿಸಿಕೊಳ್ಳುವ ಜಗಳದಲ್ಲಿ ಇಬ್ಬರೂ ಮಾತು ಬಿಟ್ಟಿದ್ದಾರೆ. "ನಾನು ಒಂದು ಕಡೆ ವಾಲಿದರೆ ಮನೆ ಮುರಿಯುತ್ತೆ ಅಜ್ಜಿ" ಎಂದಳು ಒಮ್ಮೆ ನನ್ನ ಹತ್ತಿರ. ಸಂಜೆ ಕಿಟಕಿ ಮುಚ್ಚಿ ಅವಳೂ ಮೊದಲು ಬಂದದ್ದನ್ನೇ ಹತ್ತುತ್ತಾಳೆ. ಆ ಹೊತ್ತಿಗೆ ಡ್ರೈವರ್ ಹಿಂದಿನ ಸೀಟಿನ ಮೇಲೆ ಅವಳಿಗೆಂದು ಟವೆಲ್ ಹಾಸಿರುತ್ತದೆ, ಎರಡೂ ಬಸ್ಸಿನಲ್ಲಿ.