ರೇಲೀನ್ ಟಕ್‌ವೆಲ್ ಮತ್ತು ಹಳದಿ ದೀಪ

ರೇಲೀನ್ ಟಕ್‌ವೆಲ್‌ಗೆ ಅರವತ್ತಮೂರು. ಆಸ್ಟ್ರೇಲಿಯಾದ ಫಿಲಿಪ್ ದ್ವೀಪದ ರೇಸ್ ಟ್ರ್ಯಾಕಿನಲ್ಲಿ ಬೈಕ್ ಓಡಿಸುವುದನ್ನು ಕಲಿಸತೊಡಗಿ ಇಪ್ಪತ್ತೆರಡು ವರ್ಷ. ಕಡಲ ಗಾಳಿ ಅಡ್ಡ ಹೊಡೆದರೂ ಅವಳ ಬೈಕು ಹಿಡಿದ ದಾರಿಯಿಂದ ಒಂದು ಗೇಣು ಆಚೀಚೆ ಆಗುತ್ತಿರಲಿಲ್ಲ. ಅಂಥವಳಿಗೆ ಕ್ಲಬ್ಬಿನವರು ಪರೀಕ್ಷೆ ಇಟ್ಟರು. ನಗಬೇಕೋ ಅಳಬೇಕೋ ನೀವೇ ಹೇಳಿ.

ಕಾರಣ ಅವಳ ಬೈಕು, ಕ್ಲಬ್ಬಿನವರ ಬಾಯಲ್ಲಿ 'ಮುದುಕ'. ಎಂಬತ್ತೆಂಟನೇ ಇಸವಿಯ ಏಳುನೂರೈವತ್ತು ಸಿ.ಸಿ., ಕಾರ್ಬ್ಯುರೇಟರಿನದು. ಇಂಜಿನ್ ನಿಮಿಷಕ್ಕೆಷ್ಟು ಸುತ್ತುತ್ತದೆಂದು ತೋರಿಸುವ ಮೀಟರಿನ ಮುಳ್ಳು ಎಂಟು ಸಾವಿರ ಮುಟ್ಟುವವರೆಗೆ ಆ ಇಂಜಿನ್ ಆಕಳಿಸುತ್ತಿರುತ್ತದೆ. ಮುಟ್ಟಿತೋ, ಮೈಮೇಲೆ ದೇವರು ಬಂದಂತೆ ಆಡುತ್ತದೆ. ಕಲಿಯಲು ಬರುವವರ ಬೈಕುಗಳೆಲ್ಲ ಹೊಸವು. ಕೇಳಿದ ತಕ್ಷಣ ಶಕ್ತಿ ಕೊಡುತ್ತವೆ, ಹಿಂದಿನ ಚಕ್ರ ಜಾರಿದರೆ ತಾವೇ ಇಂಜಿನ್ನನ್ನು ತಡೆದು ಹಳದಿ ದೀಪ ಮಿಟುಕಿಸುತ್ತವೆ. ಹೊಸದನ್ನು ಓಡಿಸಲು ಬಾರದವರು ಕಲಿಸುವಂತಿಲ್ಲ ಎಂದು ಮುಖ್ಯ ಶಿಕ್ಷಕ ಬ್ರೆಂಟ್ ಪ್ರೀಸ್ ಸುತ್ತೋಲೆ ಹೊರಡಿಸಿದ. ಪಾಸಾಗದಿದ್ದರೆ ಶಿಕ್ಷಕರ ಕಿತ್ತಳೆ ಜಾಕೆಟ್ಟು ಬಿಚ್ಚಿಡಬೇಕು. ಅದು ಹೋದರೆ ತನಗೆ ಉಳಿಯುವುದು ಟಿ.ವಿ. ಮತ್ತು ಮಂಡಿನೋವು ಎಂದು ರೇಲೀನ್‌ಗೆ ಗೊತ್ತಿತ್ತು. ಆದರೆ ಹೆದರುವ ಜಾಯಮಾನ ಅವಳದಲ್ಲ.

"ನಿಮ್ಮ ಮುದುಕನನ್ನ ಶೆಡ್ಡಲ್ಲೇ ಮಲಗಿಸಿ ಬಂದ್ರಾ?" ಎನ್ನುತ್ತ ಬ್ರೆಂಟ್ ಹೊಸ ಬೈಕಿನ ಕೀಲಿ ಕೊಟ್ಟ.

"ಮುದುಕ ಎದ್ದು ಬಂದಿದ್ರೆ ನಿನಗೆ ಹೊಗೆ ಕುಡಿಸ್ತಿದ್ದ. ಕೊಡೋ ಇಲ್ಲಿ," ಎಂದಳು.

ಐದು ಸುತ್ತು ಮುಗಿಸಿ ಬಂದಾಗ ಬ್ರೆಂಟ್ ಗಡಿಯಾರ ತೋರಿಸಿ ಹಲ್ಲು ಕಿರಿದ. "ನಿಮ್ಮ ಹಳೇದಕ್ಕಿಂತ ಆರು ಸೆಕೆಂಡ್ ಬೇಗ. ಪಾಸು ಕಣ್ರೀ, ಕ್ಯಾಂಟೀನಿಗೆ ಹೋಗಿ ಪೈ ತಿನ್ನಿ."

ರೇಲೀನ್ ಹೆಲ್ಮೆಟ್ ತೆಗೆಯಲಿಲ್ಲ. "ದೀಪ ಎಷ್ಟು ಸಲ ಮಿಟುಕ್ತು ನೋಡು."

ಬ್ರೆಂಟ್ ಲ್ಯಾಪ್‌ಟಾಪ್‌ಗೆ ವೈರು ಸಿಕ್ಕಿಸಿದ. ಹನ್ನೊಂದು ಸಲ. "ಅಯ್ಯೋ, ಬಿಡಿ ಅತ್ಲಾಗೆ. ಎಲ್ಲರಿಗೂ ಮಿಟುಕತ್ತೆ. ಅದಿರೋದೇ ಅದಕ್ಕೆ."

"ಹನ್ನೊಂದು ಸಲ ನಾನು ತಪ್ಪು ಮಾಡಿದೀನಿ, ಹನ್ನೊಂದು ಸಲ ಅದು ನನ್ನ ಮೂಳೆ ಉಳಿಸಿದೆ. ಇದಕ್ಕೆ ಪಾಸು ಅಂತೀಯಲ್ಲ ಮಾರಾಯ."

ತಪ್ಪು ಎಲ್ಲಿದೆಯೆಂದು ಅವಳ ಮಣಿಕಟ್ಟಿಗೆ ಗೊತ್ತಾಗಿತ್ತು. ಹಳೆಯ ಇಂಜಿನ್ ಎಚ್ಚರಾಗಲು ಹೊತ್ತು ಹಿಡಿಯುತ್ತದೆಂದು, ತಿರುವಿನ ನಡುವೆ ಬೈಕು ಇನ್ನೂ ವಾಲಿರುವಾಗಲೇ ಆಕ್ಸಿಲರೇಟರ್ ತಿರುಗಿಸುವುದು ಮೂವತ್ತೈದು ವರ್ಷದ ರೂಢಿ. ಶಕ್ತಿ ಬರುವಷ್ಟರಲ್ಲಿ ಬೈಕು ನೆಟ್ಟಗಾಗಿರುತ್ತಿತ್ತು. ಹೊಸದಕ್ಕೆ ಆ ಸಾವಧಾನ ಎಲ್ಲಿಂದ ಬರಬೇಕು? ಕೈ ತಿರುಗಿದ ಕ್ಷಣವೇ ಶಕ್ತಿ ಚಕ್ರಕ್ಕೆ ಇಳಿದಿರುತ್ತದೆ.

ದೀಪದ ಮೇಲೆ ಕಪ್ಪು ಟೇಪು ಅಂಟಿಸಿ ಮತ್ತೆ ಹೊರಟಳು. ಕಣ್ಣು ದೀಪ ಹುಡುಕಿದರೆ ಮೈ ಕಲಿಯುವುದಿಲ್ಲ ಎನ್ನುವುದು ಅವಳು ಎಲ್ಲರಿಗೂ ಹೇಳುತ್ತಿದ್ದ ಮೊದಲ ಪಾಠ. ಬೈಕು ನೆಟ್ಟಗಾಗುವವರೆಗೆ ಕೈಯನ್ನು ತಡೆದಳು. ಮೊದಲ ಸುತ್ತಿನಲ್ಲಿ ಹಲ್ಲು ಕಚ್ಚಿ ತಡೆದಳು, ಮೂರನೆಯದಕ್ಕೆ ಕೈ ತಾನಾಗಿ ತಡೆದುಕೊಂಡಿತು.

ಕೊನೆಯ ಮೂರು ಸುತ್ತಿಗೆ ಲ್ಯಾಪ್‌ಟಾಪ್ ಸೊನ್ನೆ ತೋರಿಸಿತು. ಸಮಯ ಇನ್ನೂ ಒಂದು ಸೆಕೆಂಡ್ ಇಳಿದಿತ್ತು.

"ನಿನ್ನದೆಷ್ಟು?" ರೇಲೀನ್ ಈಗ ಹೆಲ್ಮೆಟ್ ತೆಗೆದಳು.

"ಯಾವುದು?"

"ದೀಪ ಕಣೋ."

ಬ್ರೆಂಟ್ ಕತ್ತು ತುರಿಸಿಕೊಂಡ. "ಒಂದೊಂದು ಸುತ್ತಿಗೂ ಹತ್ತೋ ಹನ್ನೆರಡೋ."

ಅವಳು ಕೀಲಿಯನ್ನು ಅವನ ಕೈಗಿತ್ತಳು. ಹೋಗಿ ಪೈ ತಿಂದಳು.

ಶನಿವಾರದ ಪಾಠದ ಪಟ್ಟಿ ಗೋಡೆಗೇರಿತು. ಶಿಕ್ಷಕಿ ರೇಲೀನ್ ಟಕ್‌ವೆಲ್, ಕೆಳಗೆ ಐದು ಜನ ಕಲಿಯುವವರು. ಮೊದಲ ಹೆಸರು ಬ್ರೆಂಟ್ ಪ್ರೀಸ್, ಅವನದೇ ಕೈಬರಹ. ಬೈಕು ಯಾವುದೆಂದು ತುಂಬುವ ಜಾಗದಲ್ಲಿ ಹೀಗೆ ಬರೆದಿದ್ದ: "ಮುದುಕ, ಅವರು ಕೊಟ್ಟರೆ."